ಮಿಗ್ ವಿಮಾನದ ಬಣ್ಣ, ಅಜಂತಾದ ಗೋಡೆ

ನಾಸಿಕ್ ಹತ್ತಿರದ ಓಝರ್‌ನಲ್ಲಿ 1964ರಲ್ಲಿ ಎಚ್‌ಎಎಲ್ ಘಟಕ ಶುರುವಾದದ್ದೇ ಮಿಗ್-21 ಕಟ್ಟಲು. ಬೆಂಗಳೂರಿಂದ ವರ್ಗವಾಗಿ ಬಂದ ಅಪ್ಪ ನಿವೃತ್ತಿಯವರೆಗೂ ಅಲ್ಲೇ ಇದ್ದರು. 2025ರ ಸೆಪ್ಟೆಂಬರ್‌ನಲ್ಲಿ ವಾಯುಪಡೆ ಆ ವಿಮಾನಕ್ಕೆ ವಿದಾಯ ಹೇಳಿದ ದಿನ ಅವರು ಟಿವಿ ಮುಂದಿನಿಂದ ಏಳಲೇ ಇಲ್ಲ.

ಅವರಿಗೆಂದು ನಾನೊಂದು ಪುಟ್ಟ ಪ್ಲಾಸ್ಟಿಕ್ ಮಿಗ್ ಜೋಡಿಸಿ ಬಣ್ಣ ಬಳಿದೆ. ಅಂಚಿಗೆ ಅಂಟಿಸಿದ್ದ ಟೇಪು ಕಿತ್ತರೆ ರೆಕ್ಕೆಯ ಬಣ್ಣವೂ ಹಾವಿನ ಪೊರೆಯಂತೆ ಜೊತೆಗೇ ಬಂತು.

"ಪ್ರೈಮರ್ ಹೊಡೆದ್ಯೇನೋ?"

"ಇಲ್ಲಪ್ಪ."

"ತೊಳೆದಾದ್ರೂ ತೊಳೆದ್ಯಾ?"

ಅದೂ ಇಲ್ಲ. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆಯಂಥ ಪಸೆ ಬಿಡಿಭಾಗಗಳ ಮೇಲೆ ಉಳಿದಿರುತ್ತದೆ. ಅದರ ಮೇಲೆ ಯಾವ ಬಣ್ಣವೂ ನಿಲ್ಲದು.

ಮುಂದಿನ ವಾರ ಇಬ್ಬರೂ ಛತ್ರಪತಿ ಸಂಭಾಜಿನಗರಕ್ಕೆ ಹೋದೆವು. ಅಲ್ಲಿಂದ ಅಜಂತಾ ಸುಮಾರು 100 ಕಿ.ಮೀ. (ಸೋಮವಾರ ಹೋಗಬೇಡಿ, ರಜೆ.) ಒಂದನೇ ಗುಹೆಯಲ್ಲಿ ಎಲ್ಲರೂ ಪದ್ಮಪಾಣಿಯ ಮುಂದೆ ನಿಂತಿದ್ದರೆ, ಅಪ್ಪ ಬಣ್ಣ ಉದುರಿದ ಮೂಲೆ ಹುಡುಕಿಕೊಂಡು ನಿಂತರು. ಪದರಗಳು ಕಾಣುವುದು ಅಲ್ಲೇ. ತಳದಲ್ಲಿ ಉಳಿ ಏಟಿನ ಒರಟು ಕಪ್ಪು ಬಂಡೆ. ಅದರ ಮೇಲೆ ಹೊಟ್ಟು, ನಾರು ಕಲಸಿದ ಮಣ್ಣಿನ ಗಿಲಾವು, ಆಮೇಲೆ ತೆಳ್ಳನೆ ಸುಣ್ಣ. ಚಿತ್ರ ಶುರುವಾಗುವುದು ಅಷ್ಟಾದ ಮೇಲೆ, ಒಣಗಿದ ಗೋಡೆಯ ಮೇಲೆ. 1920ರ ದಶಕದಲ್ಲಿ ನಿಜಾಮ ಸರ್ಕಾರ ಕರೆಸಿದ ಇಟಲಿಯ ತಜ್ಞರು ಚಿತ್ರಗಳನ್ನು ಉಳಿಸಲು ಅರಗಿನ ಲೇಪ ಕೊಟ್ಟರು. ಕಾಲ ಕಳೆದಂತೆ ಅದು ಹಳದಿಗಟ್ಟಿತು.

"ಒರಟಿದ್ರೇನೇ ಹಿಡ್ಕೊಳ್ಳೋದು," ಅಂದರು ಅಪ್ಪ. ಅವರ ಮಂಡಿನೋವಿಗೆ ಮಿಕ್ಕ ಗುಹೆಗಳೆಲ್ಲ ಸಾಧ್ಯವಾಗಲಿಲ್ಲ.

ಮಾರನೇ ದಿನ ಎಲ್ಲೋರ. ನಮ್ಮ ರಾಷ್ಟ್ರಕೂಟ ಕೃಷ್ಣನ ಕೈಲಾಸಕ್ಕೂ ಒಂದು ಕಾಲದಲ್ಲಿ ಗಿಲಾವು, ಬಣ್ಣ ಇದ್ದವು. ಚಾವಣಿಯಲ್ಲಿ ಇನ್ನೂ ತುಣುಕುಗಳಿವೆ. ಎಲ್ಲೋರದ ಗಿಲಾವಿನಲ್ಲಿ ಗಾಂಜಾ ಗಿಡದ ನಾರು ಬೆರೆಸಿದ್ದರೆಂದೂ, ಅದಿಲ್ಲದ ಅಜಂತಾದಲ್ಲೇ ಹುಳುಗಳ ಕಾಟ ಹೆಚ್ಚೆಂದೂ 2016ರಲ್ಲಿ ಸಂಶೋಧಕರು ಬರೆದಿದ್ದಾರೆ. ಕೇಳಿ ಅಪ್ಪ ಬಹಳ ಹೊತ್ತು ನಕ್ಕರು.

ಮನೆಗೆ ಬಂದು ಹಳೇ ಬಣ್ಣ ತೆಗೆದೆ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಒಣಗಿಸಿ, ನಯವಾದ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿದೆ. ಒಂದು ಗೇಣು ದೂರದಿಂದ ಬೂದು ಪ್ರೈಮರ್, ತೆಳುವಾಗಿ ಎರಡು ಸಲ. ದಪ್ಪಗೆ ಹೊಡೆದರೆ ಕೊರೆದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಒಂದಿಡೀ ದಿನ ಮುಟ್ಟದೆ ಬಿಟ್ಟು, ಆಮೇಲೆ ಬಣ್ಣ.

ಅಪ್ಪ ತಾವೇ ಟೇಪು ಅಂಟಿಸಿ ಕಿತ್ತು ನೋಡಿದರು. ಬಣ್ಣ ಅಲ್ಲಾಡಲಿಲ್ಲ. ಕನ್ನಡಕ ಏರಿಸಿ ಇನ್ನೊಮ್ಮೆ ತಿರುಗಿಸಿ, "ಬಾಲದ ನಂಬರ್ ಸೊಟ್ಟಗಿದೆ," ಅಂದರು.