ನೇಗಿಲು, ಒನಕೆ ಮತ್ತು ಉಳಿದ ಹೊತ್ತು

ಮನುಷ್ಯನ ಬಾಳನ್ನು ಬದಲಿಸಿದ ಯಂತ್ರಗಳನ್ನು ನೆನೆಯಲು ದೂರದ ಮ್ಯಾಂಚೆಸ್ಟರಿನತ್ತ ನೋಡಬೇಕಾಗಿಲ್ಲ. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದರು. ಮೊದಲ ನೇಗಿಲುಗಳ ಮಾರಾಟಕ್ಕೆ ಎರಡು ವರ್ಷ ಹಿಡಿಯಿತು. ಆ ಅಂಜಿಕೆಯನ್ನು ಅಜ್ಞಾನವೆಂದು ನಕ್ಕುಬಿಡುವುದು ಸಲ್ಲದು. ಭೂಮಿಯನ್ನು ತಾಯಿಯೆಂದು ಬಗೆದವರ ಪ್ರಶ್ನೆ ಅದು.

ನಂದಗಡದ ನಮ್ಮ ಮನೆಯಲ್ಲಿ ಯಂತ್ರದ ಉಪಕಾರ ಮೊದಲು ಕಂಡುದು ಒರಳಿನ ಬಳಿ. ಅವ್ವ ನಸುಕಿನಲ್ಲಿಯೇ ಎದ್ದು ಭತ್ತ ಕುಟ್ಟುತ್ತಿದ್ದಳು. ಅಕ್ಕನೂ ಒನಕೆ ಹಿಡಿಯಬೇಕಾಗಿತ್ತು. ಊರಿಗೆ ಅಕ್ಕಿಯ ಗಿರಣಿ ಬಂದ ಮೇಲೆ ತಂಗಿಯ ಪಾಲಿಗೆ ಒನಕೆ ತಪ್ಪಿ ಪಾಟಿ ಬಂದಿತು. ಅಕ್ಕ ಹೆಬ್ಬೆಟ್ಟಿನವಳಾಗಿ ಉಳಿದಳು; ತಂಗಿ ಶಿಕ್ಷಕಿಯಾದಳು. ಯಂತ್ರವನ್ನು ಹಳಿಯುವವರಿಗೆ ನಾನು ಈ ಇಬ್ಬರನ್ನು ತೋರಿಸುತ್ತೇನೆ.

ಆದರೆ ಲೆಕ್ಕದ ಇನ್ನೊಂದು ಪುಟವೂ ಉಂಟು. ಟ್ರ್ಯಾಕ್ಟರ್ ಬಂದಂತೆ ಎತ್ತಿನ ಕೊಟ್ಟಿಗೆ ಬರಿದಾಯಿತು. ಕೊಟ್ಟಿಗೆಯೊಡನೆ ತಿಪ್ಪೆಗೊಬ್ಬರವೂ ಹೋಯಿತು. ಆ ಕೊರತೆಯನ್ನು ಸಾಲದಿಂದ ಕೊಂಡ ಚೀಲದ ಗೊಬ್ಬರ ತುಂಬಿತು. ನಾಟಿಯ ಕಾಲಕ್ಕೆ ಒಬ್ಬರಿಗೊಬ್ಬರು ಮುಯ್ಯಾಳಾಗಿ ದುಡಿಯುತ್ತಿದ್ದ ನೆರೆಹೊರೆಯವರು ಈಗ ಬಾಡಿಗೆಯ ಗಂಟೆಗಳನ್ನು ಎಣಿಸುತ್ತಾರೆ.

ಯಂತ್ರವು ನಮಗೆ ಹೊತ್ತನ್ನು ಉಳಿಸಿಕೊಟ್ಟಿದೆ. ಆ ಹೊತ್ತು ಮಗುವಿನ ಪಾಟಿಗೆ ಸಂದರೆ ಪ್ರಗತಿ. ಸಾಲದ ಚಿಂತೆಗೆ ಸಂದರೆ ಹೊಸ ಜೀತ. ಯಂತ್ರ ನಡೆಸುವ ವಿದ್ಯೆಯೊಡನೆ ಈ ಲಾಭಹಾನಿಗಳನ್ನು ತೂಗುವ ವಿವೇಕವನ್ನೂ ಮಕ್ಕಳಿಗೆ ಕಲಿಸುವುದು ಶಾಲೆಯ ಕಾಯಕ.