ಕೇಸ್ ಪೇಪರಿನ ಅಂಚು

ಡೊಂಬಿವಲಿ ಪೂರ್ವದಲ್ಲಿ ನಾವು ದಂಪತಿಗಳಿಬ್ಬರೂ ನಡೆಸುವ ದವಾಖಾನೆಗೆ ಹೊಸ ತಂತ್ರಾಂಶವೊಂದನ್ನು ಆರಿಸಲು ಹನ್ನೊಂದು ತಿಂಗಳು ಹಿಡಿಯಿತು. ಮಗಳಿಗೆ ವರನನ್ನು ಹುಡುಕಲೂ ಇಷ್ಟು ಕಾಲ ಬೇಕಾಗಿರಲಿಲ್ಲವೆಂದು ಬಂಧುಗಳು ನಕ್ಕರು. ನಗಲಿ, ಮೊದಲ ಸಂಬಂಧ ಮುರಿದುಬಿದ್ದವರ ಎಚ್ಚರ ನಮ್ಮದಾಗಿತ್ತು.

ಮಹಾರಾಷ್ಟ್ರದಲ್ಲಿ ವೈದ್ಯರ ಬಾಗಿಲು ತಟ್ಟಿದವರಿಗೆಲ್ಲ ‘ಕೇಸ್ ಪೇಪರ್’ ಎಂಬ ಮಾತು ಪರಿಚಿತ. ನಮ್ಮಲ್ಲಿ ಒಂದು ಕುಟುಂಬಕ್ಕೆ ಒಂದು ಸಂಖ್ಯೆ, ಒಂದು ಲಕೋಟೆ. ಅದರೊಳಗೆ ಅಜ್ಜಿಯಿಂದ ಮೊಮ್ಮಗನವರೆಗಿನ ದಪ್ಪ ಹಾಳೆಗಳು. ನಾವೆಲ್ಲ ಕಾಕಾ ಎಂದೇ ಕರೆಯುವ ಕಾಂಪೌಂಡರು ರೋಗಿಯ ಮುಖ ಕಂಡೊಡನೆ ಸಂಖ್ಯೆ ಕೇಳದೆ ಲಕೋಟೆ ತೆಗೆಯುತ್ತಿದ್ದರು. 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಆ ದಿನ, ಕಲ್ಯಾಣ-ಡೊಂಬಿವಲಿಯ ತಗ್ಗುಪ್ರದೇಶಗಳಂತೆ ನಮ್ಮ ನೆಲಮಹಡಿಗೂ ನೀರು ನುಗ್ಗಿತು. ಕೆಳಗಿನ ಅರೆಯಲ್ಲಿದ್ದ ಮೊದಲ ಮುನ್ನೂರು ಕುಟುಂಬಗಳ ಕಾಗದ ಮುದ್ದೆಯಾಯಿತು. ಅದರ ಮೇಲಿನ ಅರೆಯವು ತೊಯ್ದರೂ ಉಳಿದವು. ಶಾಯಿಯಲ್ಲಿ ಬರೆದದ್ದು ನೀಲಿ ಮೋಡವಾಗಿ ಹರಡಿತ್ತು, ಬಾಲ್ ಪೆನ್ನಿನ ಅಕ್ಷರ ಮಾತ್ರ ಅಲುಗದೆ ನಿಂತಿತ್ತು. ಉಳಿದವನ್ನು ಒಣಗಿಸಿ ಅಟ್ಟಕ್ಕೇರಿಸಿದೆವು. ಗಣಕಯಂತ್ರವೇ ಇನ್ನು ಗತಿ ಎಂಬ ಮಾತು ಮನೆಯಲ್ಲಿ ಮೊದಲು ಬಂದದ್ದು ಆಗಲೇ.

ಮೊದಲ ತಂತ್ರಾಂಶ ಬಂದದ್ದು ಕೆಲವು ವರ್ಷಗಳ ಅನಂತರ. ಮಾರಲು ಬಂದ ತರುಣ ಬಣ್ಣದ ನಕ್ಷೆಗಳನ್ನು ತೋರಿಸಿದ. ದಿನದ ಸಂಪಾದನೆ ಗುಂಡಿಯೊತ್ತಿದರೆ ಬರುತ್ತಿತ್ತು. ಹಳೆಯ ಕಾಗದಗಳನ್ನು ತಾವೇ ಯಂತ್ರಕ್ಕೆ ಏರಿಸಿಕೊಡುವುದಾಗಿಯೂ ಹೇಳಿದರು. ಏರಿಸಿದರು: ಹೆಸರು, ವಯಸ್ಸು, ರೋಗ, ಔಷಧ. ಅಂಚಿನಲ್ಲಿ ನಾವು ಬರೆದಿಟ್ಟದ್ದು ಏನಾಯಿತೆಂದು ನಾವು ಕೇಳಲಿಲ್ಲ.

ಅಂಚಿನಲ್ಲಿ ಇದ್ದದ್ದು ರೋಗಿಗಳ ಮಾತು. ನಮ್ಮಲ್ಲಿಗೆ ಬರುವವರಲ್ಲಿ ಮರಾಠಿಗರೂ ಗುಜರಾತಿಗಳೂ ಇದ್ದಾರೆ. ಆದರೆ ಕನ್ನಡ, ತುಳು ಮನೆಮಾತಿನ ಹಿರಿಯರು ದೂರದಿಂದಲೂ ಬರುವುದು, ತಮ್ಮ ನೋವನ್ನು ತಮ್ಮ ಮಾತಿನಲ್ಲೇ ಹೇಳಬಹುದೆಂಬ ಕಾರಣಕ್ಕೆ. ಪಿತ್ತ ನೆತ್ತಿಗೇರಿದೆ, ಎದೆ ಡವಡವ ಅನ್ನುತ್ತದೆ, ಕಾಲು ಜೋಮು ಹಿಡಿದಿದೆ. ಇವನ್ನು ಇಂಗ್ಲಿಷಿಗೆ ತಿರುಗಿಸುವಾಗ ಏನೋ ಸೋರಿಹೋಗುತ್ತದೆಂದು, ಕಾಗದದ ಬದಿಯಲ್ಲಿ ಕನ್ನಡದಲ್ಲೇ ಬರೆದಿಡುವ ಅಭ್ಯಾಸ ನಮ್ಮದು. ತಂತ್ರಾಂಶದಲ್ಲಿ ಇದಕ್ಕೆ ಜಾಗವಿರಲಿಲ್ಲ. ದೂರುಗಳ ಸಿದ್ಧಪಟ್ಟಿಯಿತ್ತು, ಒಂದನ್ನು ಆರಿಸಬೇಕಿತ್ತು.

ಒಮ್ಮೆ ಎಪ್ಪತ್ತು ದಾಟಿದ ಹಳೆಯ ರೋಗಿಯೊಬ್ಬರು ಒಣಕೆಮ್ಮೆಂದು ಬಂದರು. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಎಂದು ತೆರೆ ಹೇಳುತ್ತಿತ್ತು. “ಅದೇ ಬಿ.ಪಿ. ಮಾತ್ರೆ ಡಾಕ್ಟ್ರೇ” ಎಂದು ಅವರೂ ಹೇಳಿದರು. ಮಾತ್ರೆಯ ಸ್ಟ್ರಿಪ್ ತೋರಿಸಿ ಎಂದು ನಮ್ಮಿಬ್ಬರಲ್ಲಿ ಒಬ್ಬರೂ ಕೇಳಲಿಲ್ಲ, ತೆರೆಯನ್ನು ನಂಬಿದೆವು. ಎಕ್ಸ್-ರೇ ಆಯಿತು, ಕ್ಷಯವಿರಬಹುದೆಂದು ಕಫದ ಪರೀಕ್ಷೆಯಾಯಿತು, ಆರು ವಾರ ಆ ತಾಯಿ ಮನೆಯಲ್ಲಿ ಮೊಮ್ಮಗುವನ್ನು ಎತ್ತಿಕೊಳ್ಳದೆ ಕುಳಿತರು. ಕೊನೆಗೆ ಕಾಕಾ, “ಇವರಿಗೆ ಹಿಂದೆಯೂ ಒಮ್ಮೆ ಹೀಗೇ ಆಗಿತ್ತಲ್ಲ” ಎನ್ನುತ್ತ ಅಟ್ಟ ಹತ್ತಿ ಲಕೋಟೆ ಇಳಿಸಿದರು. 1998ರ ಹಾಳೆಯ ಅಂಚಿನಲ್ಲಿ ನಮ್ಮದೇ ಅಕ್ಷರ: ‘ಗಂಟಲಲ್ಲಿ ಗರಿ ಆಡಿಸಿದ ಹಾಗೆ, ರಾತ್ರಿಯೆಲ್ಲ ಕೆಮ್ಮು. ಎನಾಲಾಪ್ರಿಲ್ ನಿಲ್ಲಿಸಿದೆ.’ ಆ ಬಗೆಯ ಔಷಧಗಳು ಕೆಲವರಲ್ಲಿ ಒಣಕೆಮ್ಮು ತರುತ್ತವೆ. ವೈದ್ಯವಿದ್ಯಾರ್ಥಿಗೂ ಗೊತ್ತಿರುವ ಸಂಗತಿ. ವಾಶಿಯಲ್ಲಿ ಮಗನ ಮನೆಯಲ್ಲಿದ್ದಾಗ ಅಲ್ಲಿಯ ವೈದ್ಯರು ಅದೇ ಜಾತಿಯ ರಾಮಿಪ್ರಿಲ್‌ಗೆ ಬದಲಿಸಿದ್ದರು. ಮಾತ್ರೆ ನಿಲ್ಲಿಸಿದ ಮೂರನೆಯ ವಾರ ಕೆಮ್ಮು ಹೋಯಿತು. ಅವರು ನಮ್ಮ ಮೇಲೆ ಒಂದು ಮಾತೂ ಆಡಲಿಲ್ಲ. ಮರುವಾರ ಹಲಸಿನ ಹಪ್ಪಳ ತಂದುಕೊಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು.

ಆ ತಂತ್ರಾಂಶವನ್ನು ಬಿಡಲು ಹೊರಟಾಗ ಇನ್ನೊಂದು ಪಾಠವಾಯಿತು. ನಮ್ಮ ರೋಗಿಗಳ ವಿವರವನ್ನು ಬೇರೆ ಯಂತ್ರ ಓದಬಲ್ಲ ಕೋಷ್ಟಕವಾಗಿ ಕೊಡಿ ಎಂದರೆ ಪಿ.ಡಿ.ಎಫ್. ಮಾತ್ರ ಕೊಡಬಲ್ಲೆವು ಎಂದರು. ಅದಕ್ಕೂ ಪ್ರತ್ಯೇಕ ಹಣ. ಕರಾರುಪತ್ರದಲ್ಲಿ ಅದು ಬರೆದೇ ಇತ್ತು. ಸಹಿ ನಮ್ಮದೇ.

ಎರಡನೆಯ ಹುಡುಕಾಟದಲ್ಲಿ ಐರೋಲಿಯ ಕಂಪೆನಿಯೊಂದರಲ್ಲಿರುವ ಸೋದರಳಿಯ ಜೊತೆಯಾದ. ಅವನು ಮೊದಲು ಹೇಳಿದ್ದು ಓಪನ್‌ಎಂಆರ್‌ಎಸ್ ಕುರಿತು. 2004ರಲ್ಲಿ, ಕೀನ್ಯಾದ ಎಲ್ಡೊರೆಟ್ಟಿನಲ್ಲಿ ದುಡಿಯುತ್ತಿದ್ದ ಅಮೆರಿಕದ ವೈದ್ಯರ ಯತ್ನದಿಂದ ಹುಟ್ಟಿದ ಮುಕ್ತ ತಂತ್ರಾಂಶ. ಅದರ ಮೇಲೆಯೇ ಕಟ್ಟಿದ ‘ಬಾಹ್ಮ್ನಿ’ ಮೊದಲು ಬಳಕೆಗೆ ಬಂದದ್ದು ಛತ್ತೀಸಗಢದ ಗನಿಯಾರಿಯಲ್ಲಿ, ಜನ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆಯಲ್ಲಿ. ಮನಸ್ಸು ಅತ್ತಲೇ ವಾಲಿತು. ಆದರೆ ಪುಕ್ಕಟೆ ಹಸುವಿಗೂ ಹುಲ್ಲು ಹಾಕುವವರು ಬೇಕು. ಎರಡು ಕೋಣೆಯ ದವಾಖಾನೆಯಲ್ಲಿ ಅದನ್ನು ನೋಡಿಕೊಳ್ಳುವ ತಂತ್ರಜ್ಞನೆಲ್ಲಿ? ಸಣ್ಣ ಆಸ್ಪತ್ರೆಯಾಗಿದ್ದರೆ ಖಂಡಿತ ಅದನ್ನೇ ಆರಿಸುತ್ತಿದ್ದೆವು.

ಹೆಸರಿನ ತೊಡಕು ಬೇರೆ. ಇಲ್ಲಿಯ ನಮೂನೆಗಳಿಗೆ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಮೂರೂ ಬೇಕು. ನಮ್ಮೂರ ಕಡೆಯ ಅಜ್ಜಿಗೆ ಇರುವುದು ಒಂದೇ ಹೆಸರು, ಮುಂದೊಂದು ಇನಿಷಿಯಲ್. ಇತ್ತ ಶೆಟ್ಟಿ, ಪೂಜಾರಿ ಎಂದು ಹುಡುಕಿದರೆ ತೆರೆ ತುಂಬುತ್ತದೆ. ಒಬ್ಬರ ಪೆನಿಸಿಲಿನ್ ಅಲರ್ಜಿ ಇನ್ನೊಬ್ಬರ ಹಾಳೆಯಲ್ಲಿ ಕೂತರೆ ಅದು ಬರಿಯ ಗುಮಾಸ್ತಿಕೆಯ ತಪ್ಪಲ್ಲ. 2021ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಗಳ ‘ಆಭಾ’ ಸಂಖ್ಯೆ ಇಲ್ಲಿ ನೆರವಿಗೆ ಬರುತ್ತದೆ. ಒಪ್ಪಿದವರದನ್ನು ಬರೆದುಕೊಳ್ಳುತ್ತೇವೆ, ಒಪ್ಪದವರನ್ನು ಒತ್ತಾಯಿಸುವುದಿಲ್ಲ.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಿದರೆ ಸಾಕು. ನಮ್ಮನ್ನು ಉಳಿಸಿದ ಕಾಗದ ಅದಕ್ಕಿಂತ ಎಷ್ಟೋ ಹಳೆಯದು. ಆದ್ದರಿಂದ ಮಾರಲು ಬಂದವರಿಗೆಲ್ಲ ನಾವು ಮೊದಲು ಕೇಳಿದ ಪ್ರಶ್ನೆ, ‘ನಿಮ್ಮನ್ನು ಬಿಟ್ಟುಹೋಗುವುದು ಹೇಗೆ?’ ಎಂಬುದೇ. ಕೆಲವರು ಅಲ್ಲಿಗೇ ಎದ್ದರು. ಮಳೆಗಾಲದಲ್ಲಿ ಇಂಟರ್ನೆಟ್ ಹೋದಾಗಲೂ ನಡೆಯಬೇಕು, ಕನ್ನಡದಲ್ಲಿ ಮುಕ್ತವಾಗಿ ಬರೆಯಲು ಒಂದು ಚೌಕ ಬೇಕು, ಅಲ್ಲಿ ಬರೆದದ್ದನ್ನು ಹುಡುಕಲೂ ಬರಬೇಕು ಎಂದೆವು. ಕೊನೆಗೆ ಒಪ್ಪಿದವರದು ನೋಡಲು ಅಂದವಿಲ್ಲದ ತಂತ್ರಾಂಶ. ಸಂಪಾದನೆಯ ನಕ್ಷೆ ಅದರಲ್ಲಿಲ್ಲ. ಪ್ರತಿ ಶನಿವಾರ ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿ ಮನೆಗೆ ಒಯ್ಯುತ್ತೇವೆ. ಮನೆ ಐದನೆಯ ಮಹಡಿ.

ಅಟ್ಟದ ಕಾಗದಗಳನ್ನು ಈಗ ನಾವೇ ಸ್ಕ್ಯಾನ್ ಮಾಡುತ್ತಿದ್ದೇವೆ, ರಾತ್ರಿ ಬಾಗಿಲು ಹಾಕಿದ ಮೇಲೆ ದಿನಕ್ಕೆ ಮೂರು ಲಕೋಟೆ. ನಿವೃತ್ತರಾದ ಕಾಕಾ ಕೆಲವು ಸಂಜೆ ಬಂದು, ಯಾರ ಮನೆ ಈಗ ಅಂಬರನಾಥಕ್ಕೆ ಹೋಯಿತು, ಯಾರು ತೀರಿಕೊಂಡರು ಎಂದು ಹೇಳುತ್ತ ಕುಳಿತಿರುತ್ತಾರೆ. ನಿನ್ನೆ 412ನೆಯ ಕುಟುಂಬದ್ದು ಮುಗಿಯಿತು. ಹಾಳೆಯ ಕೆಳಭಾಗದಲ್ಲಿ ಮಳೆನೀರು ನಿಂತ ಕಂದುಗೆರೆಯಿದೆ. ಅದೂ ಚಿತ್ರದಲ್ಲಿ ಬಂದಿದೆ.