ಆಗುಂಬೆಯ ದಾರಿಯೂ ಎಣ್ಣೆಯ ಮುಳ್ಳೂ

ಕರಾವಳಿಯಿಂದ ಮಲೆನಾಡಿಗೆ ಏರುವ ಘಟ್ಟದ ದಾರಿಗಳು ಹಲವು ಉಂಟು. ಶಿರಾಡಿ, ಚಾರ್ಮಾಡಿ, ಹುಲಿಕಲ್ಲು, ಕೊಲ್ಲೂರು ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಗುಣ. ಆದರೆ ಸ್ವಲ್ಪ ದೂರದಲ್ಲಿಯೇ ಬಹಳ ಎತ್ತರಕ್ಕೆ ಒಯ್ಯುವ ದಾರಿಯೆಂದರೆ ಆಗುಂಬೆಯದು. ಉಡುಪಿಯಿಂದ ಹೊರಟು ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿಗಳನ್ನು ದಾಟಿ ಸೋಮೇಶ್ವರಕ್ಕೆ ಬರುವ ತನಕ ರಸ್ತೆಯು ಗದ್ದೆ ತೋಟಗಳ ನಡುವೆ ಸಮಾಧಾನವಾಗಿ ಸಾಗುತ್ತದೆ. ಸೋಮೇಶ್ವರವನ್ನು ಕಳೆದೊಡನೆ ಕಾಡು ಎರಡು ಕಡೆಗಳಿಂದಲೂ ಕವಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ 14 ಕಡುತಿರುವುಗಳು. ಒಂದನ್ನು ಏರಿ ಉಸಿರು ಬಿಡುವುದರೊಳಗೆ ಇನ್ನೊಂದು ಎದುರಾಗುತ್ತದೆ. ಕೊನೆಯ ತಿರುವನ್ನು ದಾಟಿದರೆ ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದ ಆಗುಂಬೆ.

2023ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ನಾವು ಈ ದಾರಿಯಲ್ಲಿ ಪ್ರಯಾಣ ಮಾಡಿದೆವು. ಮರುದಿನ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಮಿತ್ರರೊಬ್ಬರ ಬಂಧುಗಳ ಮನೆಯ ಗೃಹಪ್ರವೇಶವಿದ್ದಿತು. ಗಾಡಿ ಆ ಮಿತ್ರರದು, ನಡೆಸುವವರೂ ಅವರೇ. ಹಿಂದಿನ ಆಸನದಲ್ಲಿ ಎಪ್ಪತ್ತೆಂಟು ವರ್ಷದ ಅವರ ತಾಯಿಯವರೂ ನಮ್ಮ ಮನೆಯವರೂ ಕುಳಿತಿದ್ದರು. ಮುಂದೆ ಮಿತ್ರರ ಪಕ್ಕದಲ್ಲಿ ನಾವು.

ಗಾಡಿಯ ವಿಷಯವಾಗಿ ಎರಡು ಮಾತು ಹೇಳಬೇಕು. ಅದು ಮಿತ್ರರ ತಂದೆಯವರು 1974ರಲ್ಲಿ ಕೊಂಡ ಅಂಬಾಸಿಡರ್. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಲ್ಲಿ, ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಉತ್ತರಾರ್ಧದಿಂದ 2014ರವರೆಗೆ ತಯಾರಾದ ಬಂಡಿಯಿದು. ಒಳಗಿರುವುದು 1489 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನು. ತಂದೆಯವರು ಇದಕ್ಕೆ ಎಣ್ಣೆಯ ಒತ್ತಡವನ್ನು ತೋರಿಸುವ ಒಂದು ಮೀಟರನ್ನು ಬೇರೆಯಾಗಿ ಹಾಕಿಸಿದ್ದರು. ಎಂಜಿನಿನಿಂದ ಒಂದು ಸಣ್ಣ ತಾಮ್ರದ ನಳಿಗೆಯು ಎಣ್ಣೆಯನ್ನೇ ಮೀಟರಿನವರೆಗೆ ತರುತ್ತದೆ. ಆ ಎಣ್ಣೆ ಎಷ್ಟು ಬಲದಿಂದ ತಳ್ಳುತ್ತದೆಯೋ ಅಷ್ಟು ಮುಳ್ಳು ಏರುತ್ತದೆ. ತಂದೆಯವರು ಕಾಲವಾದ ಮೇಲೆ, ಇನ್ನೊಮ್ಮೆ ಎಂಜಿನನ್ನು ಬಿಚ್ಚಿಸುವ ಖರ್ಚು ಬಂದರೆ ಗಾಡಿಯನ್ನು ಗುಜರಿಗೆ ಕೊಡುವುದೆಂದು ಮಕ್ಕಳು ಸೇರಿ ತೀರ್ಮಾನಿಸಿದ್ದರು. ಆ ಮಾತನ್ನು ತಾಯಿಯವರ ಎದುರಿಗೆ ಯಾರೂ ಆಡಿರಲಿಲ್ಲ. ಆದರೆ ಅವರಿಗೆ ತಿಳಿಯದೆಯೂ ಇರಲಿಲ್ಲ.

ಸೋಮೇಶ್ವರದಲ್ಲಿ ಮುಳ್ಳು 45 ಪೌಂಡಿನ ಮೇಲೆ ನಿಂತಿತ್ತು. ಈ ಜಾತಿಯ ಎಂಜಿನಿಗೆ ಓಡುವಾಗ 50ರ ಆಸುಪಾಸು, ನಿಂತಲ್ಲಿ ಮೆಲ್ಲಗೆ ತಿರುಗುವಾಗ 15ಕ್ಕೆ ಕಡಿಮೆಯಿಲ್ಲದಂತೆ ಇದ್ದರೆ ಆರೋಗ್ಯ. ಅರ್ಧ ಘಟ್ಟ ಏರುವವರೆಗೂ ಎಲ್ಲವೂ ಸರಿಯಾಗಿತ್ತು. ಅನಂತರ ಒಂದು ತಿರುವಿನಲ್ಲಿ ಮುಳ್ಳು ಏಕಾಏಕಿ 20ಕ್ಕೆ ಇಳಿಯಿತು. ಸೂರ್ಯಾಸ್ತವನ್ನು ನೋಡುವ ಕಟ್ಟೆಯ ಬಳಿ ಜನಸಂದಣಿಗಾಗಿ ಗಾಡಿಯನ್ನು ನಿಧಾನ ಮಾಡಿದಾಗ ಅದು ಸೊನ್ನೆಯ ಮೇಲೆ ಮಲಗಿಬಿಟ್ಟಿತು.

“ಮೀಟರು ಹಳೆಯದು, ಕೆಟ್ಟಿರಬೇಕು. ಪೇಟೆ ಇಲ್ಲಿಯೇ ಇದೆ, ಹೋಗಿ ನೋಡೋಣ” ಎಂದರು ಮಿತ್ರರು.

“ಮಗಾ, ನಿಲ್ಲಿಸು” ಎಂದರು ತಾಯಿಯವರು. “ಮುಳ್ಳು ಬಿದ್ದ ಮೇಲೆ ನಿನ್ನ ಅಪ್ಪ ಒಂದು ಮಾರು ಮುಂದೆ ಬಿಟ್ಟವರಲ್ಲ.”

ಎಂಜಿನು ನಿಂತಿತು. ಪಡುವಣದಲ್ಲಿ, ಬೆಟ್ಟಗಳ ಸಾಲಿನಾಚೆ, ಅರಬ್ಬೀ ಸಮುದ್ರದ ಕಡೆಗೆ ಸೂರ್ಯನು ಕೆಂಪಾಗಿ ಇಳಿಯುತ್ತಿದ್ದನು. ಅದನ್ನು ನೋಡಲೆಂದೇ ದೂರದೂರದಿಂದ ಬಂದ ಜನ ಮೌನವಾಗಿ ನಿಂತಿದ್ದರು. ನಮ್ಮ ಗಾಡಿಯವರು ಮಾತ್ರ ಸೂರ್ಯನಿಗೆ ಬೆನ್ನು ಮಾಡಿ ಬಾನೆಟ್ಟಿನೊಳಗೆ ಇಣುಕುತ್ತಿದ್ದೆವು.

ಆ ವೃದ್ಧೆಯ ಮಾತು ಎಷ್ಟು ಬೆಲೆಯುಳ್ಳದ್ದೆಂಬುದನ್ನು ವಾಚಕರು ತಿಳಿಯಬೇಕು. ಎಂಜಿನಿನ ಕ್ರ್ಯಾಂಕು ತನ್ನ ಬೇರಿಂಗುಗಳ ಮೇಲೆ ಕುಳಿತು ತಿರುಗುವುದೆಂದು ನಾವು ಎಣಿಸುತ್ತೇವೆ. ನಿಜವಾಗಿ ಅದು ತೇಲುವುದು ಅತಿ ತೆಳುವಾದ ಎಣ್ಣೆಯ ಪದರದ ಮೇಲೆ. ಎಣ್ಣೆ ಒತ್ತಿ ಬರುವುದು ನಿಂತರೆ ಲೋಹಕ್ಕೆ ಲೋಹ ತಾಗುತ್ತದೆ, ಬೇರಿಂಗು ಸುಟ್ಟು ಅಂಟಿಕೊಳ್ಳುತ್ತದೆ; ಇದಕ್ಕೆ ಕೆಲವು ನಿಮಿಷಗಳೇ ಸಾಕು. ಪೇಟೆಯವರೆಗಿನ ಆ ಸ್ವಲ್ಪ ದೂರವೇ ಗಾಡಿಯನ್ನು ಗುಜರಿಗೆ ಮುಟ್ಟಿಸಬಹುದಾಗಿತ್ತು.

ಮಿನಿ ಬಸ್ಸಿನ ಚಾಲಕನೊಬ್ಬನು ಫೋನು ಮಾಡಿ ಪೇಟೆಯಿಂದ ಮೇಸ್ತ್ರಿಯೊಬ್ಬರನ್ನು ಕರೆಸಿದನು. ಮೇಸ್ತ್ರಿಗಳು ವಯಸ್ಸಾದವರು, ಮಿತಭಾಷಿಗಳು. ಬಂದವರು ಪಾನಾ ಹಿಡಿಯಲಿಲ್ಲ. ಮೊದಲು ಕೇಳಿದ್ದು, “ಮುಳ್ಳು ದಿನದಿನಕ್ಕೂ ಇಳಿಯುತ್ತ ಬಂತೋ, ಒಮ್ಮೆಲೇ ಬಿತ್ತೋ?” ಎಂದು. ಒಮ್ಮೆಲೇ ಎಂದೆವು. “ಕೆಳಗಿನಿಂದ ಬಡಿಯುವ ಸದ್ದು ಬಂತೋ?” ಇಲ್ಲವೆಂದೆವು. “ಹಾಗಾದರೆ ಬೇರಿಂಗಿನ ಮಾತು ಸದ್ಯಕ್ಕೆ ಬೇಡ. ಸವೆತ ಒಂದು ಘಟ್ಟದಲ್ಲಿ ಬರುವುದಲ್ಲ.”

ಮುಂದಿನ ಪರೀಕ್ಷೆಯನ್ನು ಅವರು ಹೊರಗಿನಿಂದ ಒಳಗೆ, ಸುಲಭದಿಂದ ಕಷ್ಟಕ್ಕೆ, ಕ್ರಮವಾಗಿ ನಡೆಸಿದರು. ಮನೆಯ ನೀರಿನ ಏರ್ಪಾಡನ್ನು ನೆನೆದರೆ ಈ ಕ್ರಮವು ಎಲ್ಲರಿಗೂ ಅರ್ಥವಾಗುತ್ತದೆ. ಬಾವಿಯಲ್ಲಿ ನೀರಿದ್ದ ಮಾತ್ರಕ್ಕೆ ಮಾಳಿಗೆಯ ನಲ್ಲಿಯಲ್ಲಿ ನೀರು ಬಂದೇ ಬರಬೇಕೆಂದಿಲ್ಲ. ಪಂಪು ಸೋತಿರಬಹುದು, ಅದರ ಬಾಯಿಯ ಜಾಲರಿಗೆ ಕಸ ಕಟ್ಟಿರಬಹುದು, ನಡುವೆ ಎಲ್ಲಿಯೋ ನೀರು ಸೋರಿ ಬಾವಿಗೇ ಮರಳುತ್ತಿರಬಹುದು. ಸವೆದ ಬೇರಿಂಗೆಂದರೆ ಮನೆಯ ನಲ್ಲಿಗಳೆಲ್ಲ ಒಮ್ಮೆಗೇ ತೆರೆದುಕೊಂಡಂತೆ.

ಮೊದಲು ಬಾವಿ. ಎಂಜಿನು ನಿಂತು ಎಣ್ಣೆ ಕೆಳಗಿಳಿಯಲು ಸಮಯ ಕೊಟ್ಟು ಅಳತೆಯ ಕಡ್ಡಿಯನ್ನು ಎಳೆದು ನೋಡಿದರು. ಎಣ್ಣೆ ಮೇಲಿನ ಗುರುತಿಗೆ ಸರಿಯಾಗಿತ್ತು. ಕಡ್ಡಿಯನ್ನು ಮೂಸಿದರು. ಪೆಟ್ರೋಲು ಬೆರೆತರೆ ಎಣ್ಣೆ ನೀರಾಗಿ ಒತ್ತಡ ಇಳಿಯುವುದುಂಟು. ಆ ವಾಸನೆ ಇರಲಿಲ್ಲ. ಎರಡನೆಯದು ಸಾಕ್ಷಿಯ ಪರೀಕ್ಷೆ: ಮೀಟರು ನಿಜ ಹೇಳುತ್ತದೆಯೋ ಇಲ್ಲವೋ? ತಾಮ್ರದ ನಳಿಗೆಯನ್ನು ಎಂಜಿನಿನ ತುದಿಯಲ್ಲಿ ಬಿಚ್ಚಿ, ಕಿಡಿ ಹೊತ್ತದಂತೆ ಕಾಯಿಲಿನ ತಂತಿಯನ್ನು ತೆಗೆದಿಟ್ಟು, ಮಿತ್ರರಿಗೆ ಸ್ಟಾರ್ಟರನ್ನು ತಿರುಗಿಸಲು ಹೇಳಿದರು. ಚಿಮ್ಮಬೇಕಾಗಿದ್ದ ಎಣ್ಣೆ ಬರಿಯ ಜಿನುಗಿತು. ಮೀಟರು ಸುಳ್ಳು ಹೇಳಿರಲಿಲ್ಲ.

ನೋಡುತ್ತಿದ್ದವರಲ್ಲೊಬ್ಬರು, “ಗಟ್ಟಿ ಎಣ್ಣೆ ಹಾಕಿ, ಮುಳ್ಳು ಏರುತ್ತದೆ” ಎಂದರು. ಮೇಸ್ತ್ರಿಗಳು ನಕ್ಕು, “ಮುಳ್ಳು ಏರೀತು ಸ್ವಾಮಿ, ರೋಗ ಇಳಿಯುವುದಿಲ್ಲ” ಎಂದರು.

ಎಂಜಿನು ಮುಟ್ಟುವಷ್ಟು ತಣ್ಣಗಾದ ಮೇಲೆ ಅವರು ಅದರ ಎಡಮಗ್ಗುಲಿನ ಹಿಂತುದಿಯಲ್ಲಿದ್ದ, ಗುಮ್ಮಟದಂತಹ ತಲೆಯುಳ್ಳ ಒಂದು ನಟ್ಟನ್ನು ಬಿಚ್ಚಿದರು. ಅದರ ಹಿಂದಿರುವುದು ರಿಲೀಫ್ ವಾಲ್ವು. ಪಂಪಿನ ಒತ್ತಡ ಮಿತಿಮೀರಿದಾಗ ಇದು ಸ್ಪ್ರಿಂಗನ್ನು ಒತ್ತಿಕೊಂಡು ತೆರೆಯುತ್ತದೆ, ಹೆಚ್ಚಿನ ಎಣ್ಣೆಯನ್ನು ಕೆಳಗಿನ ತೊಟ್ಟಿಗೆ ಮರಳಿಸುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಮುಚ್ಚದೆ ಉಳಿದರೆ ಬಂದ ಎಣ್ಣೆಯೆಲ್ಲ ಹಾಗೆಯೇ ಹಿಂದಿರುಗುತ್ತದೆ. ಸ್ಪ್ರಿಂಗು ಬಂದಿತು, ವಾಲ್ವು ಮಾತ್ರ ಬಾರದೆ ಸಿಕ್ಕಿಕೊಂಡಿತ್ತು. ಅದನ್ನು ಮೆಲ್ಲಗೆ ಹೊರತೆಗೆದು ಟಾರ್ಚಿನ ಬೆಳಕಿಗೆ ಹಿಡಿದಾಗ ಅದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕಪ್ಪು ಚೂರೊಂದು ಕಾಣಿಸಿತು. ಎರಡು ತಿಂಗಳ ಹಿಂದೆ ದುರಸ್ತಿಯ ಅಂಗಡಿಯೊಂದರಲ್ಲಿ ಎಣ್ಣೆಯ ತೊಟ್ಟಿಯ ಅಂಚಿಗೆ ಮೆತ್ತಿದ್ದ ಅಂಟು ಹೆಚ್ಚಾಗಿ, ಒಳಗೆ ಉಬ್ಬಿ, ಒಣಗಿ, ಕಳಚಿಕೊಂಡು ಬಂದ ಚೂರು ಅದು. ಅಷ್ಟು ದೊಡ್ಡ ಎಂಜಿನನ್ನು ಇಷ್ಟು ಸಣ್ಣದೊಂದು ಕಸ ನಿಲ್ಲಿಸಿತ್ತು.

ಮೇಸ್ತ್ರಿಗಳು ವಾಲ್ವನ್ನೂ ಅದು ಕೂಡುವ ಸ್ಥಳವನ್ನೂ ಶುದ್ಧವಾದ ಬಟ್ಟೆಯಿಂದ ಒರೆಸಿ, ಗೀರು ಬಿದ್ದಿಲ್ಲವೆಂದು ಕಂಡುಕೊಂಡು, ಎಣ್ಣೆ ಸವರಿ ಮತ್ತೆ ಕೂಡಿಸಿದರು. ಸ್ಪ್ರಿಂಗನ್ನು ಎಳೆದು ಉದ್ದ ಮಾಡಿದರೆ ಒತ್ತಡ ಇನ್ನೂ ಹೆಚ್ಚದೇ ಎಂದು ಮಿತ್ರರು ಕೇಳಿದ್ದಕ್ಕೆ, “ಅದು ತಕ್ಕಡಿಯ ಮುಳ್ಳನ್ನು ಬಗ್ಗಿಸಿದಂತೆ” ಎಂದಷ್ಟೇ ಹೇಳಿದರು. ಕಾಯಿಲಿನ ತಂತಿಯನ್ನು ಸಿಕ್ಕಿಸದೆಯೇ ಸ್ಟಾರ್ಟರನ್ನು ತಿರುಗಿಸಿ, ಮೊದಲು ಎಣ್ಣೆ ಎಲ್ಲ ಕಡೆಗೂ ಹರಿಯುವಂತೆ ಮಾಡಿದರು. ಮುಳ್ಳು ಅಲುಗಿತು. ಅನಂತರ ಎಂಜಿನು ಹೊತ್ತಿತು. ಮುಳ್ಳು 50ಕ್ಕೆ ಹೋಯಿತು. ಬಿಸಿಯೇರಿದ ಮೇಲೆ ನಿಂತಲ್ಲಿ 18ರ ಮೇಲೆ ನೆಲೆಸಿತು. ತಾಯಿಯವರು ಹಿಂದಿನ ಆಸನದಿಂದ ಕುತ್ತಿಗೆ ಚಾಚಿ ಅದನ್ನು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ.

ಕತ್ತಲಾಗಿತ್ತು. ಆಗುಂಬೆಯ ಪೇಟೆಯಲ್ಲಿ ಬಿಸಿ ಕಷಾಯ ಕುಡಿದೆವು. ಮಳೆಗಾಲದಲ್ಲಿ ಈ ಊರು ತಿಂಗಳುಗಟ್ಟಲೆ ನೀರಿನ ತೆರೆಯ ಹಿಂದೆ ಮರೆಯಾಗಿರುತ್ತದೆ. ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಸುರಿಯುವ ಸ್ಥಳವಿದು. 1980ರ ದಶಕದಲ್ಲಿ ಶಂಕರ್ ನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರಿಸಿದ ಬೀದಿಯೂ ಮನೆಯೂ ಇಲ್ಲಿಯೇ ಇವೆ. ಡಿಸೆಂಬರಿನ ಆ ರಾತ್ರಿ ಚಳಿಯೊಂದೇ ಇತ್ತು. ಮೇಸ್ತ್ರಿಗಳು ಹೊರಡುವಾಗ, “ಒಂದು ಚೂರು ಬಂದಲ್ಲಿ ಇನ್ನೂ ಇರುತ್ತವೆ. ತೀರ್ಥಹಳ್ಳಿಯಲ್ಲಿ ತೊಟ್ಟಿ ಇಳಿಸಿ ಜಾಲರಿ ತೊಳೆಸಿರಿ. ಅಲ್ಲಿಯವರೆಗೆ ಕಣ್ಣು ರಸ್ತೆಯ ಮೇಲಿದ್ದಷ್ಟೇ ಮುಳ್ಳಿನ ಮೇಲೂ ಇರಲಿ” ಎಂದು ಎಚ್ಚರಿಸಿದರು.

ಗೃಹಪ್ರವೇಶದ ಮರುದಿನ ಹಾಗೆಯೇ ಮಾಡಿಸಲಾಯಿತು. ಪಂಪಿನ ಜಾಲರಿಯಲ್ಲಿ ಅದೇ ಅಂಟಿನ ಏಳೆಂಟು ಚೂರುಗಳು ಸಿಕ್ಕಿದವು. ತೊಟ್ಟಿಯನ್ನು ತೊಳೆದು, ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಲಾಯಿತು. ಎಂಜಿನನ್ನು ಬಿಚ್ಚಬೇಕಾಗಲಿಲ್ಲ.

ಹಳೆಯ ಗಾಡಿಗಳನ್ನು ಇಟ್ಟುಕೊಂಡಿರುವ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಎಣ್ಣೆಯ ಮುಳ್ಳು ಬಿದ್ದರೆ, ಇಲ್ಲವೆ ಎಣ್ಣೆಯ ಕೆಂಪು ದೀಪ ಹೊತ್ತಿದರೆ, ಅದನ್ನು ಸುಳ್ಳೆನ್ನುವ ಮುನ್ನ ಎಂಜಿನನ್ನು ನಿಲ್ಲಿಸಿರಿ. ಸುಳ್ಳೋ ನಿಜವೋ ಎಂಬುದನ್ನು ನಿಂತ ಎಂಜಿನಿನ ಮುಂದೆ ನಿಧಾನವಾಗಿ ವಿಚಾರಿಸಬಹುದು. ಗೃಹಪ್ರವೇಶ ಮುಗಿಸಿ ಘಟ್ಟವನ್ನು ಇಳಿಯುವಾಗ ತಾಯಿಯವರು ಹಿಂದಿನ ಆಸನವನ್ನು ಒಪ್ಪಲಿಲ್ಲ. ಮುಂದೆ, ಮಗನ ಪಕ್ಕದಲ್ಲಿ, ಮುಳ್ಳು ಕಾಣುವಲ್ಲಿ ಕುಳಿತುಕೊಂಡರು.